ಕಾರಣ ಹೇಳಿ ಕೈ ಎತ್ತುವವರು



ಇಂಗ್ಲೆಂಡಿನ ಊರುಗಳಲ್ಲಿ ಬೀದಿ ದೀಪದ ಕಂಬಕ್ಕೋ ಮನೆಯ ಬೇಲಿಗೋ ಕಟ್ಟಿದ ಒಂದು ಹಾಳೆ ಆಗಾಗ ಕಣ್ಣಿಗೆ ಬೀಳುತ್ತದೆ. ಮಳೆಗೆ ನೆನೆಯದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿರುತ್ತಾರೆ. ಈ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸಲು, ಈ ಅಂಗಡಿಯನ್ನು ಹೋಟೆಲು ಮಾಡಲು, ಈ ಹೊಲದಲ್ಲಿ ಸಾಲು ಮನೆ ಕಟ್ಟಲು ಅರ್ಜಿ ಬಂದಿದೆ, ಹೇಳುವುದಿದ್ದರೆ ಇಂಥ ತಾರೀಖಿನೊಳಗೆ ಬರೆದು ತಿಳಿಸಿ ಎಂದಷ್ಟೇ ಅದರಲ್ಲಿ ಇರುತ್ತದೆ. ಸಾಮಾನ್ಯವಾಗಿ 21 ದಿನಗಳ ಗಡುವು. ಬರೆಯುವವರು ಪಕ್ಕದ ಮನೆಯವರೇ ಆಗಿರಬೇಕಿಲ್ಲ, ಊರಿನವರೂ ಆಗಿರಬೇಕಿಲ್ಲ. ನಕ್ಷೆ ಕೌನ್ಸಿಲಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಬಂದ ಪತ್ರವನ್ನೆಲ್ಲ ಓದಿದ ಮೇಲೆಯೇ ತೀರ್ಮಾನ ಆಗಬೇಕು.

ಆ ತೀರ್ಮಾನ ಹೇಗೆ ಆಗುತ್ತದೆ ಎಂಬುದನ್ನು ಈ ಹೊತ್ತು ವಿವರವಾಗಿ ಹೇಳಬೇಕೆಂದಿದ್ದೇನೆ. ಊರಿನ ಜನ ಆರಿಸಿ ಕಳಿಸಿದ ಹತ್ತು ಹನ್ನೆರಡು ಕೌನ್ಸಿಲ್ ಸದಸ್ಯರು ಪ್ಲಾನಿಂಗ್ ಸಮಿತಿಯಾಗಿ ಒಂದು ಮೇಜಿನ ಸುತ್ತ ಕೂತು, ಬೇರೆಯವರ ಜಮೀನಿನಲ್ಲಿ ಏನು ಏಳಬೇಕು, ಏನು ಏಳಬಾರದು ಎಂದು ಕೈ ಎತ್ತಿ ನಿರ್ಧರಿಸುತ್ತಾರೆ. ಇದು ಚಿಕ್ಕ ಅಧಿಕಾರವಲ್ಲ. ಒಂದು ಸಂಜೆಯ ತೀರ್ಮಾನದಿಂದ ಹೊಲವೊಂದರ ಬೆಲೆ ಎಷ್ಟೋ ಪಟ್ಟು ಏರಬಹುದು, ಒಂದು ಅಡುಗೆಮನೆಯ ಕಿಟಕಿಗೆ ಬೀಳುತ್ತಿದ್ದ ಬಿಸಿಲು ಶಾಶ್ವತವಾಗಿ ನಿಲ್ಲಬಹುದು. ಇಷ್ಟು ದೊಡ್ಡ ಅಧಿಕಾರ ಹಾದಿ ತಪ್ಪದಂತೆ ಏನು ಕಟ್ಟುಪಾಡು ಇಟ್ಟಿದ್ದಾರೆ ಎಂಬುದು ನಮಗೂ ಬೇಕಾದ ವಿಷಯ.

ಮೊದಲು ಇದರ ಮೂಲ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಂಡನ್, ಕವೆಂಟ್ರಿ, ಪ್ಲಿಮತ್ ಮೊದಲಾದ ಊರುಗಳ ನಡುಭಾಗಗಳೇ ನೆಲಸಮವಾಗಿದ್ದವು. ಅದಕ್ಕೂ ಮುಂಚೆ ಎರಡು ಯುದ್ಧಗಳ ನಡುವಿನ ಕಾಲದಲ್ಲಿ ಊರಿಂದ ಹೊರಟ ರಸ್ತೆಗಳ ಇಕ್ಕೆಲದಲ್ಲೂ ಮನೆಗಳು ಎಗ್ಗಿಲ್ಲದೆ ಬೆಳೆದು ಹೊಲಗದ್ದೆಗಳನ್ನು ನುಂಗಿದ್ದವು. ಯುದ್ಧ ಮುಗಿದ ಮೇಲೆ ಬಂದ ಕ್ಲೆಮೆಂಟ್ ಆಟ್ಲಿಯವರ ಸರ್ಕಾರದಲ್ಲಿ ಲೂಯಿಸ್ ಸಿಲ್ಕಿನ್ ಎಂಬ ಮಂತ್ರಿ 1947ರಲ್ಲಿ ನಗರ ಮತ್ತು ಗ್ರಾಮ ಯೋಜನಾ ಕಾಯಿದೆ ತಂದರು. 1948ರ ಜುಲೈ 1ರಂದು ಅದು ಜಾರಿಗೆ ಬಂತು. ಅಂದಿನಿಂದ ಅಲ್ಲಿ ಜಮೀನು ನಿಮ್ಮದು, ಅದರಲ್ಲಿ ಬೆಳೆ ಬೆಳೆಯುವುದು ನಿಮ್ಮ ಇಷ್ಟ. ಆದರೆ ಅದರ ಮೇಲೆ ಕಟ್ಟಡ ಎಬ್ಬಿಸುವುದಕ್ಕೂ ಅದರ ಬಳಕೆ ಬದಲಿಸುವುದಕ್ಕೂ ಸಮಾಜದ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡುವ ಕೆಲಸವನ್ನು ಸ್ಥಳೀಯ ಕೌನ್ಸಿಲಿನ ಕೈಗೆ ಒಪ್ಪಿಸಿದರು. ಕಾಯಿದೆಗಳು ಆಮೇಲೆ ಹಲವು ಸಲ ಬದಲಾಗಿವೆ. ಈಗ ನಡೆಯುತ್ತಿರುವುದು ಮುಖ್ಯವಾಗಿ 1990ರ ಕಾಯಿದೆಯ ಮೇಲೆ. ಬುಡದ ತತ್ವ ಮಾತ್ರ ಅದೇ ಉಳಿದಿದೆ.

ಎಲ್ಲ ಅರ್ಜಿಯೂ ಸಮಿತಿಯ ಮುಂದೆ ಬರುವುದಿಲ್ಲ. ಮನೆಯ ಹಿಂಬದಿಗೆ ಒಂದಂತಸ್ತಿನ ಸಣ್ಣ ಕೋಣೆ ಸೇರಿಸುವಂಥ ಕೆಲಸಕ್ಕೆ, ಅಳತೆ ಮಿತಿಯೊಳಗಿದ್ದರೆ, ಹೆಚ್ಚಿನ ಕಡೆ ಅರ್ಜಿಯೇ ಬೇಡ. ಅರ್ಜಿ ಬೇಕಾದ ಕೆಲಸಗಳಲ್ಲೂ 100ಕ್ಕೆ 90ಕ್ಕಿಂತ ಹೆಚ್ಚನ್ನು ಕೌನ್ಸಿಲಿನ ಪ್ಲಾನಿಂಗ್ ಅಧಿಕಾರಿಗಳೇ ಇತ್ಯರ್ಥ ಮಾಡುತ್ತಾರೆ. ಸಣ್ಣ ಅರ್ಜಿಗೆ 8 ವಾರ, ಹತ್ತು ಮನೆಗಿಂತ ಕಡಿಮೆಯಿಲ್ಲದ ದೊಡ್ಡ ಅರ್ಜಿಗೆ 13 ವಾರ, ಪರಿಸರದ ಮೇಲಾಗುವ ಪರಿಣಾಮದ ವರದಿ ಬೇಕಾದ ಅರ್ಜಿಗೆ 16 ವಾರ ಎಂದು ಗಡುವು ಇದೆ. ಸಮಿತಿಗೆ ಬರುವುದು ಉಳಿದ ಕೆಲವು ಮಾತ್ರ. ಆ ವಾರ್ಡಿನ ಸದಸ್ಯರು ಇದನ್ನು ಸಮಿತಿಯೇ ನೋಡಲಿ ಎಂದು ಕಾರಣ ಕೊಟ್ಟು ಕೇಳಿದ್ದು, ತಕರಾರು ಬಹಳ ಬಂದದ್ದು, ನೂರಾರು ಮನೆಗಳ ಬಡಾವಣೆ, ಕೌನ್ಸಿಲಿನದೇ ಜಮೀನು, ಸದಸ್ಯರೊಬ್ಬರದೋ ಅಧಿಕಾರಿಯೊಬ್ಬರದೋ ಸ್ವಂತ ಮನೆಯ ಅರ್ಜಿ. ಕೊನೆಯದನ್ನು ನಾನು ಬಹಳ ಮೆಚ್ಚುತ್ತೇನೆ. ಅಧಿಕಾರದಲ್ಲಿರುವವರ ಮನೆಯ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಮುಗಿಸಬಾರದು, ಎಲ್ಲರೆದುರಿಗೇ ಆಗಬೇಕು ಎಂಬ ಏರ್ಪಾಡು ಅದು.

ಇನ್ನು ಸಮಿತಿ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು? ಇದು ಇಡೀ ವ್ಯವಸ್ಥೆಯ ಬೆನ್ನೆಲುಬು. ಪ್ರತಿ ಕೌನ್ಸಿಲೂ ತನ್ನ ಪ್ರದೇಶಕ್ಕೆ ಒಂದು ಅಭಿವೃದ್ಧಿ ಯೋಜನೆಯನ್ನು ಮಾಡಿಟ್ಟುಕೊಂಡಿರಬೇಕು. ಮನೆ ಎಲ್ಲಿ, ಕಾರ್ಖಾನೆ ಎಲ್ಲಿ, ಕಟ್ಟದೆ ಬಿಡಬೇಕಾದ ಬಯಲು ಎಲ್ಲಿ ಎಂಬುದೆಲ್ಲ ಅದರಲ್ಲಿರುತ್ತದೆ. 2004ರ ಕಾಯಿದೆಯ ಪ್ರಕಾರ ತೀರ್ಮಾನ ಆ ಯೋಜನೆಗೆ ಅನುಗುಣವಾಗಿಯೇ ಇರಬೇಕು. ಬೇರೆ ದಾರಿ ಹಿಡಿಯುವುದಾದರೆ, ಜಮೀನಿನ ಬಳಕೆಗೆ ನಿಜವಾಗಿ ಸಂಬಂಧಪಟ್ಟ ಬಲವಾದ ಅಂಶವೊಂದು ಎದುರಿಗಿರಬೇಕು. ಪಕ್ಕದ ಮನೆಗೆ ಬೆಳಕು ತಪ್ಪುವುದು, ಮೇಲಿನ ಕಿಟಕಿಯಿಂದ ಇನ್ನೊಬ್ಬರ ಹಿತ್ತಿಲು ನೇರ ಕಾಣುವುದು, ರಸ್ತೆ ತಾಳದಷ್ಟು ವಾಹನ ಬರುವುದು, ಸದ್ದು, ವಾಸನೆ, ನೆರೆ ನುಗ್ಗುವ ಭಯ, ಹಳೆಯ ಕಟ್ಟಡಗಳ ಅಂದಕ್ಕೆ ಬರುವ ಕುಂದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನನ್ನ ಮನೆಯ ಬೆಲೆ ಇಳಿಯುತ್ತದೆ ಎಂಬುದು ಬರುವುದಿಲ್ಲ. ನನ್ನ ಅಂಗಡಿಗೆ ಪೈಪೋಟಿ ಆಗುತ್ತದೆ ಎಂಬುದು ಬರುವುದಿಲ್ಲ. ಅರ್ಜಿದಾರ ಒಳ್ಳೆಯವನಲ್ಲ ಎಂಬುದಂತೂ ಬರುವುದೇ ಇಲ್ಲ.

ನನ್ನ ಕಿಟಕಿಯಿಂದ ಕಾಣುತ್ತಿದ್ದ ಗುಡ್ಡ ಮರೆಯಾಗುತ್ತದೆ ಎಂದು ಬಹಳ ಜನ ಬರೆಯುತ್ತಾರೆ. ಅದಕ್ಕೂ ಬೆಲೆಯಿಲ್ಲ. ಈ ವಿಚಾರದ ಬೇರು 1610ರ ಒಂದು ಮೊಕದ್ದಮೆಯಷ್ಟು ಹಿಂದಕ್ಕೆ ಹೋಗುತ್ತದೆ. ನಾರ್‌ಫೋಕ್ ಪ್ರಾಂತದ ವಿಲಿಯಂ ಆಲ್ಡ್ರೆಡ್ ಎಂಬಾತ, ನೆರೆಯವನು ತನ್ನ ಮನೆಗೆ ಒತ್ತಿಕೊಂಡು ಹಂದಿಗೂಡು ಕಟ್ಟಿದ್ದಾನೆಂದು ದಾವೆ ಹೂಡಿ ಗೆದ್ದ. ಬೆಳಕೂ ಶುದ್ಧ ಗಾಳಿಯೂ ಮನುಷ್ಯನಿಗೆ ಅಗತ್ಯ, ಅವಕ್ಕೆ ಅಡ್ಡಿಯಾದರೆ ಪರಿಹಾರ ಉಂಟು. ಕಣ್ಣಿಗೆ ಚೆಂದದ ನೋಟ ಬರಿಯ ಸಂತೋಷದ ವಿಷಯ, ಅದಕ್ಕೆ ಕಾನೂನಿನ ರಕ್ಷಣೆ ಇಲ್ಲ ಎಂಬ ವಿಂಗಡಣೆ ಆ ಪ್ರಕರಣದಲ್ಲಿ ಬಂತು. ಇಷ್ಟು ಶತಮಾನಗಳ ಮೇಲೂ ಪ್ಲಾನಿಂಗ್ ಅಧಿಕಾರಿಗಳು ತಕರಾರುದಾರರಿಗೆ ಅದನ್ನೇ ಹೇಳುತ್ತಿದ್ದಾರೆ. ಒಂದು ಕುಟುಂಬ ನಲವತ್ತು ವರ್ಷ ನೋಡುತ್ತ ಬಂದ ಗುಡ್ಡ ಅವರಿಗೆ ಎಷ್ಟು ದೊಡ್ಡದೆಂದು ನನಗೆ ಅರ್ಥವಾಗುತ್ತದೆ. ಆದರೂ ಈ ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ಮೊದಲು ಮನೆ ಕಟ್ಟಿಕೊಂಡವರ ನೋಟಕ್ಕೆ ಹಕ್ಕು ಕೊಟ್ಟರೆ ಆಮೇಲೆ ಬಂದವರಿಗೆ ಮನೆಯೇ ಸಿಗದು.

ಅರ್ಜಿದಾರ ಯಾರೆಂದು ಏಕೆ ನೋಡಬಾರದು ಎನ್ನುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಅಲ್ಲಿ ಅನುಮತಿ ಸಿಗುವುದು ಮನುಷ್ಯನಿಗಲ್ಲ, ಜಮೀನಿಗೆ. ನಾಳೆ ಆ ಜಮೀನು ಮಾರಾಟವಾದರೆ ಅನುಮತಿಯೂ ಕೊಂಡವರ ಜೊತೆಗೆ ಹೋಗುತ್ತದೆ. ಅಷ್ಟೇಕೆ, ಜಮೀನು ನಿಮ್ಮದಲ್ಲದಿದ್ದರೂ ನೀವು ಅರ್ಜಿ ಹಾಕಬಹುದು, ಒಡೆಯರಿಗೆ ನೋಟಿಸು ಕೊಟ್ಟಿದ್ದರೆ ಸಾಕು. ಹಾಗಾಗಿ ಇಂದು ಬಂದವರು ಎಷ್ಟು ಸಜ್ಜನರೆಂದೋ ಎಷ್ಟು ದುರಾಸೆಯವರೆಂದೋ ನೋಡಿ ತೀರ್ಮಾನಿಸಿದರೆ, ಅವರು ಹೋದ ಮೇಲೂ ಐವತ್ತು ವರ್ಷ ನಿಲ್ಲುವ ಗೋಡೆಯ ಬಗ್ಗೆ ತಪ್ಪು ತೀರ್ಮಾನ ಆಗುತ್ತದೆ. ನಮ್ಮವನು, ಅವರ ಕಡೆಯವನು ಎಂಬ ಮಾತು ಒಳಗೆ ಬರದಂತೆ ಬಾಗಿಲನ್ನು ಅಲ್ಲೇ ಮುಚ್ಚಿದ್ದಾರೆ.

ಸಮಿತಿ ಸೇರುವ ದಿನದ ಬಗ್ಗೆ ಈಗ ಹೇಳುತ್ತೇನೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಹೆಚ್ಚಿನ ಕಡೆ ಸಂಜೆ ಹೊತ್ತು, ಕೌನ್ಸಿಲಿನ ಸಭಾಂಗಣದಲ್ಲಿ ಸೇರುತ್ತಾರೆ. ಕಾರ್ಯಸೂಚಿಯೂ ಅಧಿಕಾರಿಗಳ ವರದಿಗಳೂ 5 ಪೂರ್ಣ ದಿನ ಮೊದಲೇ ಸಾರ್ವಜನಿಕರಿಗೆ ಸಿಗಬೇಕು. ಸದಸ್ಯರು ಕೆಲವೊಮ್ಮೆ ಜಾಗಕ್ಕೇ ಹೋಗಿ ಬಂದಿರುತ್ತಾರೆ. ಅಲ್ಲಿ ಅವರು ನೋಡಬಹುದು, ಅಧಿಕಾರಿಯನ್ನು ಪ್ರಶ್ನೆ ಕೇಳಬಹುದು; ಅರ್ಜಿದಾರರ ಚಹಾ ಕುಡಿಯುತ್ತ ಮಾತಿಗೆ ನಿಲ್ಲುವ ಹಾಗಿಲ್ಲ. ಸಭೆಗೆ ಯಾರು ಬೇಕಾದರೂ ಹೋಗಿ ಹಿಂದಿನ ಕುರ್ಚಿಗಳಲ್ಲಿ ಕೂರಬಹುದು. ಪತ್ರಕರ್ತರೂ ಸಾರ್ವಜನಿಕರೂ ಕೌನ್ಸಿಲ್ ಸಭೆಗಳಿಗೆ ಹೋಗುವ ಹಕ್ಕನ್ನು 1960ರ ಕಾಯಿದೆ ಕೊಟ್ಟಿತು. ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್ ತಮ್ಮ ಮೊಟ್ಟಮೊದಲ ಭಾಷಣದಲ್ಲೇ ಮಂಡಿಸಿದ ಖಾಸಗಿ ಸದಸ್ಯರ ಮಸೂದೆ ಅದು. ಸಮಿತಿಗಳ ಬಾಗಿಲು ಪೂರ್ತಿ ತೆರೆದದ್ದು 1972ರ ಕಾಯಿದೆ. 2014ರಿಂದ ಯಾರು ಬೇಕಾದರೂ ಸಭೆಯ ವಿಡಿಯೊ ಮಾಡಿಕೊಳ್ಳಲೂಬಹುದು.

ಸಭೆ ಶುರುವಾದ ಕೂಡಲೇ ಅಧ್ಯಕ್ಷರು ಕೇಳುವ ಪ್ರಶ್ನೆ, ಈ ಅರ್ಜಿಗಳಲ್ಲಿ ಯಾರಿಗಾದರೂ ಸ್ವಂತ ಹಿತಾಸಕ್ತಿ ಇದೆಯೇ ಎಂದು. ಇದ್ದವರು ಹೇಳಿಕೊಂಡು, ಆ ವಿಷಯ ಬಂದಾಗ ಎದ್ದು ಹೊರಗೆ ಹೋಗುತ್ತಾರೆ. ತನಗೋ ತನ್ನ ಹೆಂಡತಿಗೋ ಗಂಡನಿಗೋ ಹಣದ ಲಾಭವಿರುವ ವಿಷಯವನ್ನು ಬಚ್ಚಿಟ್ಟು ಮತ ಹಾಕುವುದು 2011ರ ಕಾಯಿದೆಯಲ್ಲಿ ಶಿಕ್ಷೆಯಿರುವ ಅಪರಾಧ. ಪಕ್ಷದ ವಿಪ್ ಕೂಡ ಇಲ್ಲಿ ನಡೆಯಕೂಡದು. ಬಜೆಟ್ಟಿನ ಮೇಲೆ ಪಕ್ಷದ ಸದಸ್ಯರೆಲ್ಲ ಒಟ್ಟಾಗಿ ಕೈ ಎತ್ತುವುದು ರಾಜಕಾರಣ. ಒಬ್ಬರ ಮನೆಯ ಅರ್ಜಿಯ ಮೇಲೆ ಹಾಗೆ ಎತ್ತುವುದು ಕರ್ತವ್ಯಲೋಪ. ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಬರುವುದೂ ತಪ್ಪು. ಚುನಾವಣೆಯಲ್ಲಿ ಆ ಯೋಜನೆಗೆ ವಿರುದ್ಧ ಮಾತಾಡಿದ್ದರೆ ಅಷ್ಟಕ್ಕೇ ಮತದ ಹಕ್ಕು ಹೋಗುವುದಿಲ್ಲ. ಆದರೆ ಸಭೆಯಲ್ಲಿ ಕೂತು ಎರಡೂ ಕಡೆ ಕೇಳಿ, ಬೇಕಾದರೆ ಅಭಿಪ್ರಾಯ ಬದಲಿಸಿಕೊಳ್ಳುವಷ್ಟು ಮನಸ್ಸು ತೆರೆದಿರಬೇಕು. ಅರ್ಧ ಚರ್ಚೆ ಮುಗಿದ ಮೇಲೆ ತಡವಾಗಿ ಬಂದವರು ಆ ವಿಷಯಕ್ಕೆ ಮತ ಹಾಕುವ ಹಾಗಿಲ್ಲ ಎಂಬುದೂ ಇದೇ ಕಾರಣಕ್ಕೆ. ಅವರು ಪೂರ್ತಿ ಕೇಳಿಲ್ಲ.

ಆಮೇಲೆ ಒಂದೊಂದೇ ಅರ್ಜಿ. ಅಧಿಕಾರಿ ಪರದೆಯ ಮೇಲೆ ನಕ್ಷೆ, ಫೋಟೊ ತೋರಿಸಿ ವಿವರಿಸುತ್ತಾರೆ. ಮಂಜೂರು ಮಾಡಿ ಅಥವಾ ನಿರಾಕರಿಸಿ ಎಂಬ ಅವರ ಶಿಫಾರಸು ವರದಿಯಲ್ಲೇ ಇದೆ. ತಕರಾರು ಮಾಡಿದವರಲ್ಲಿ ಒಬ್ಬರಿಗೆ ಮಾತಾಡಲು ಅವಕಾಶ, ಹೆಚ್ಚಿನ ಕಡೆ 3 ನಿಮಿಷ. ಅರ್ಜಿದಾರರಿಗೂ ಅಷ್ಟೇ. ಆ ಹಳ್ಳಿಯ ಪ್ಯಾರಿಷ್ ಕೌನ್ಸಿಲಿನವರು, ವಾರ್ಡಿನ ಸದಸ್ಯರು ಬಂದಿದ್ದರೆ ಅವರದೂ ಒಂದು ಮಾತು. ಮೂರು ನಿಮಿಷದಲ್ಲಿ ಏನು ಹೇಳಲಾಗುತ್ತದೆ ಎನಿಸಬಹುದು. ಅಳತೆ ತಿಳಿದು ಬಂದವರು ಬೇಕಾದಷ್ಟು ಹೇಳುತ್ತಾರೆ. ಗೋಡೆ ನಮ್ಮ ಊಟದ ಕೋಣೆಯಿಂದ ಇಷ್ಟು ಅಡಿ ದೂರ, ಚಳಿಗಾಲದ ಸೂರ್ಯ ಇಷ್ಟೇ ಎತ್ತರ ಏರುತ್ತಾನೆ, ಶಾಲೆ ಬಿಡುವ ಹೊತ್ತಿಗೆ ಈ ತಿರುವಿನಲ್ಲಿ ಕಾರುಗಳು ಹೀಗೆ ನಿಲ್ಲುತ್ತವೆ ಎಂದು ಹೇಳಿದರೆ ಸದಸ್ಯರು ವರದಿಯ ಪುಟ ತಿರುವಿ ನೋಡಲೇಬೇಕಾಗುತ್ತದೆ. ನಮ್ಮ ಬೀದಿ ಹಾಳಾಗುತ್ತದೆ ಎಂದು ಮೂರು ನಿಮಿಷವೂ ದುಃಖ ತೋಡಿಕೊಂಡವರ ಕಷ್ಟ ನಿಜವಾದದ್ದೇ. ಆದರೆ ಸಮಿತಿಯ ಕೈಗೆ ಹಿಡಿಯಲು ಅದರಲ್ಲಿ ಏನೂ ಇರುವುದಿಲ್ಲ.

ಮಾತು ಮುಗಿದ ಮೇಲೆ ಸದಸ್ಯರ ಚರ್ಚೆ. ಒಬ್ಬರು ಗೊತ್ತುವಳಿ ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಕೈ ಎತ್ತುತ್ತಾರೆ. ಮಂಜೂರಾದರೆ ಷರತ್ತುಗಳು ಬರುತ್ತವೆ. ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಶುರುವಾಗಬೇಕು. ಇಂಥ ಇಟ್ಟಿಗೆಯೇ ಆಗಬೇಕು, ಈ ಓಕ್ ಮರ ಉಳಿಯಬೇಕು, ಇಷ್ಟು ಗಂಟೆಯ ಮೇಲೆ ಕೆಲಸ ನಡೆಯಬಾರದು. ದೊಡ್ಡ ಯೋಜನೆಯಾದರೆ ಶಾಲೆಗೆ, ರಸ್ತೆಗೆ, ಕಡಿಮೆ ಬಾಡಿಗೆಯ ಮನೆಗಳಿಗೆ ಇಷ್ಟು ಕೊಡುತ್ತೇವೆಂಬ ಕರಾರನ್ನೂ ಕಟ್ಟುವವರಿಂದ ಬರೆಸಿಕೊಳ್ಳುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸರಾಗವಾಗಿ ನಡೆಯುವ ಸಭೆಯ ಮಾತು. ಕಷ್ಟ ಬರುವುದು ಅಧಿಕಾರಿಯ ಶಿಫಾರಸಿಗೆ ಸದಸ್ಯರು ಒಪ್ಪದಿದ್ದಾಗ. ಅವರು ಒಪ್ಪಲೇಬೇಕೆಂದಿಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವುದು ಸಮಿತಿಯ ಹಕ್ಕು, ಅದರಲ್ಲಿ ಕೋರ್ಟು ಕೈ ಹಾಕುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಸಭೆಯಲ್ಲಿರುವ ಕೌನ್ಸಿಲಿನ ವಕೀಲರು ಅಧ್ಯಕ್ಷರತ್ತ ಬಾಗಿ ಒಂದು ಮಾತು ಕೇಳುತ್ತಾರೆ: ಕಾರಣವೇನು? ನಿರಾಕರಿಸುವುದಾದರೆ ಕಾರಣ ಬರೆದು ಕೊಡಲೇಬೇಕು, ಏಕೆಂದರೆ ಅರ್ಜಿದಾರ ಸರ್ಕಾರ ನೇಮಿಸಿದ ಇನ್‌ಸ್ಪೆಕ್ಟರರ ಮುಂದೆ ಮೇಲ್ಮನವಿ ಹೋಗುತ್ತಾನೆ. ಜಳ್ಳು ಕಾರಣ ಕೊಟ್ಟಿದ್ದರೆ ಅನುಮತಿಯೂ ಸಿಕ್ಕಿ, ಖರ್ಚಿನ ಹಣವೂ ಕೌನ್ಸಿಲಿನ ಬೊಕ್ಕಸದಿಂದ ಹೋಗಬಹುದು. ಊರಿನವರ ಒತ್ತಡಕ್ಕೆ ಮಣಿದು ಬರಿಗೈಯಲ್ಲಿ ‘ಬೇಡ’ ಎಂದ ಸಮಿತಿಗಳು ಹೀಗೆ ದಂಡ ತೆತ್ತಿವೆ.

ಒಪ್ಪಿಕೊಂಡಾಗ? ತಕರಾರು ಮಾಡಿದ ನೆರೆಹೊರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲ. ಅವರಿಗಿರುವುದು ಹೈಕೋರ್ಟು ಮಾತ್ರ, ಅದೂ 6 ವಾರದೊಳಗೆ, ಅದೂ ತೀರ್ಮಾನದ ರೀತಿಯಲ್ಲಿ ಕಾನೂನಿನ ತಪ್ಪಾಗಿದೆ ಎಂದು ತೋರಿಸುವುದಕ್ಕೆ. ಇದು ಈ ವ್ಯವಸ್ಥೆಯ ದೊಡ್ಡ ಅಸಮಾನತೆ ಎಂದು ನಾನು ತಿಳಿದಿದ್ದೇನೆ. ಈ ಅಸಮಾನತೆಯ ನಡುವೆಯೇ ಡೋವರ್ ಪ್ರಕರಣ ಬಂತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಡೋವರ್ ಇಂಗ್ಲೆಂಡಿನ ಆಗ್ನೇಯ ತುದಿಯ ಬಂದರು. ಸಮುದ್ರಕ್ಕೆ ಎದುರಾಗಿ ನಿಂತ ಬಿಳಿಯ ಸುಣ್ಣಕಲ್ಲಿನ ಬಂಡೆಗಳಿಗೆ ಹೆಸರಾದದ್ದು. ಊರಿನ ಪಶ್ಚಿಮಕ್ಕೆ ಫಾರ್ದಿಂಗ್‌ಲೋ ಎಂಬ ಕಣಿವೆ. ಅದು ರಾಷ್ಟ್ರೀಯ ಮಟ್ಟದಲ್ಲಿ ರಕ್ಷಣೆ ಪಡೆದ ಕೆಂಟ್ ಡೌನ್ಸ್ ಎಂಬ ಸುಂದರ ಭೂಪ್ರದೇಶದ ಒಳಗೆ ಬರುತ್ತದೆ. ಅಂಥಲ್ಲಿ ದೊಡ್ಡ ಬಡಾವಣೆ ಬರಬೇಕಾದರೆ ಅಸಾಧಾರಣ ಸಂದರ್ಭ ಇರಬೇಕು, ಸಾರ್ವಜನಿಕ ಹಿತ ಇರಬೇಕು ಎಂಬುದು ದೇಶದ ನೀತಿ. 2012ರಲ್ಲಿ ಒಂದು ಕಂಪನಿ ಅಲ್ಲಿ 521 ಮನೆಗಳನ್ನೂ ನಿವೃತ್ತರಿಗೆಂದು 90 ಅಪಾರ್ಟ್‌ಮೆಂಟುಗಳನ್ನೂ ಕಟ್ಟುವುದಾಗಿ ಅರ್ಜಿ ಹಾಕಿತು. ಜೊತೆಗೆ ಪಕ್ಕದ ವೆಸ್ಟರ್ನ್ ಹೈಟ್ಸ್ ಗುಡ್ಡದ ಮೇಲೆ ಒಂದು ಹೋಟೆಲು. ಅಲ್ಲಿ ಪಾಳು ಬೀಳುತ್ತಿದ್ದ ನೆಪೋಲಿಯನ್ ಕಾಲದ ಕೋಟೆಯ ದುರಸ್ತಿಗೆ 50 ಲಕ್ಷ ಪೌಂಡು. ಬಡ ಊರಿಗೆ ಕೆಲಸ, ಮನೆ, ಪ್ರವಾಸಿಗರು, ಕೋಟೆಯ ಉಳಿವು, ಎಲ್ಲವೂ ಒಂದೇ ಪೊಟ್ಟಣದಲ್ಲಿ.

ಕೌನ್ಸಿಲಿನ ಅಧಿಕಾರಿಗಳು ತಲೆ ಕೆಡಿಸಿಕೊಂಡು ದೀರ್ಘ ವರದಿ ಬರೆದರು. ಯೋಜನೆಯನ್ನು ಅವರು ಪೂರ್ತಿ ತಳ್ಳಿಹಾಕಲಿಲ್ಲ. ಕಣಿವೆಯ ಅತಿ ಸೂಕ್ಷ್ಮ ಭಾಗದಿಂದ ಮನೆಗಳನ್ನು ತೆಗೆದು ಒಟ್ಟು ಸಂಖ್ಯೆಯನ್ನು 365ಕ್ಕೆ ಇಳಿಸಿದರೆ ಭೂದೃಶ್ಯದ ಹಾನಿ ತಗ್ಗುತ್ತದೆ, ಯೋಜನೆಗೆ ನಷ್ಟವೂ ಆಗದು ಎಂದರು. 2013ರ ಜೂನ್ 13ರಂದು ಸಮಿತಿ ಸೇರಿತು. ಸದಸ್ಯರು ಆ ಸಲಹೆಯನ್ನು ಬದಿಗಿಟ್ಟು ಇಡೀ ಯೋಜನೆಗೆ ಒಪ್ಪಿಗೆ ಕೊಟ್ಟರು. ನಡಾವಳಿಯಲ್ಲಿ ಒಂದಿಷ್ಟು ಮಾತುಗಳಿದ್ದವು. ಗಿಡಮರಗಳ ಮರೆ ಮಾಡಿದರೆ ಹಾನಿ ಕಡಿಮೆಯಾದೀತು ಎಂಬ ಅರ್ಥದ ಮಾತೂ ಇತ್ತು. ಆದರೆ ಸೂಕ್ಷ್ಮ ಭಾಗದಲ್ಲಿ ಮರೆಯಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದೇ ಅಧಿಕಾರಿಗಳ ಚಿಂತೆಯಾಗಿತ್ತು. ಅವರು ಹೇಳಿದ್ದು ಏಕೆ ತಪ್ಪು, ಮನೆ ಕಡಿಮೆ ಮಾಡಿದರೆ ಯೋಜನೆ ಏಕೆ ನಡೆಯದು, ಹಾನಿ ಎಷ್ಟೆಂದು ಸಮಿತಿ ಲೆಕ್ಕ ಹಾಕಿತು ಎಂಬುದಕ್ಕೆ ಉತ್ತರ ಆ ಹಾಳೆಗಳಲ್ಲಿ ಸಿಗಲಿಲ್ಲ.

ಗ್ರಾಮೀಣ ಇಂಗ್ಲೆಂಡಿನ ರಕ್ಷಣೆಗೆ ಕೆಲಸ ಮಾಡುವ ಸಂಘಟನೆಯೊಂದರ ಕೆಂಟ್ ಶಾಖೆ ಕೋರ್ಟಿಗೆ ಹೋಯಿತು. ಹೈಕೋರ್ಟಿನಲ್ಲಿ ಸೋತಿತು. 2016ರಲ್ಲಿ ಅಪೀಲು ಕೋರ್ಟಿನಲ್ಲಿ ಗೆದ್ದಿತು. ಕೌನ್ಸಿಲು ಸುಪ್ರೀಂ ಕೋರ್ಟಿಗೆ ಒಯ್ದಿತು. 2017ರ ಡಿಸೆಂಬರ್ 6ರಂದು ಐವರು ನ್ಯಾಯಾಧೀಶರ ಪರವಾಗಿ ಲಾರ್ಡ್ ಕಾರ್ನ್‌ವಾತ್ ಬರೆದ ತೀರ್ಪು ಬಂತು: ಅನುಮತಿ ರದ್ದು. ಮನೆ ಕಟ್ಟುವುದು ಸರಿಯೋ ತಪ್ಪೋ ಎಂದು ನ್ಯಾಯಾಲಯ ಹೇಳಲೇ ಇಲ್ಲ. ರಕ್ಷಿತ ಪ್ರದೇಶದಲ್ಲಿ, ಅಧಿಕಾರಿಗಳ ಸಲಹೆಗೆ ವಿರುದ್ಧವಾಗಿ, ಇಷ್ಟು ದೊಡ್ಡ ತೀರ್ಮಾನ ಮಾಡಿದವರು ಅದರ ಕಾರಣವನ್ನು ಜನಕ್ಕೆ ಅರ್ಥವಾಗುವಂತೆ ತಿಳಿಸಬೇಕಿತ್ತು, ತಿಳಿಸಲಿಲ್ಲ ಎಂದಿತು. ಪರಿಸರ ನಿಯಮಗಳಲ್ಲಿ ಬರೆದಿದ್ದ ಆ ಕರ್ತವ್ಯ, ಬರೆಯದಿದ್ದರೂ ನ್ಯಾಯದ ಸಹಜ ಧರ್ಮವಾಗಿ ಇಂಥ ಸಂದರ್ಭದಲ್ಲಿ ಇದ್ದೇ ಇರುತ್ತದೆ ಎಂದೂ ಸೇರಿಸಿತು.

ಈ ತೀರ್ಪನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಡೋವರಿನ ಸದಸ್ಯರು ಲಂಚ ತಿಂದರೆಂದು ಯಾರೂ ಹೇಳಲಿಲ್ಲ. ತಮ್ಮ ಊರಿಗೆ ಒಳ್ಳೆಯದಾಗಲಿ ಎಂದೇ ಅವರು ಕೈ ಎತ್ತಿದ್ದಿರಬಹುದು. ಆದರೆ ಬಹುಮತ ಇದ್ದಷ್ಟಕ್ಕೆ ತೀರ್ಮಾನ ಪೂರ್ತಿಯಾಗುವುದಿಲ್ಲ. ಕಣಿವೆಯನ್ನು ಕಳೆದುಕೊಳ್ಳುವವರು, ಸೋತ ಮೇಲೂ, ಯಾವ ಕಾರಣಕ್ಕೆ ಸೋತೆವೆಂದು ಓದಿ ತಿಳಿಯುವ ಹಾಗಿರಬೇಕು. ಕಾರಣ ಬರೆಯಲು ಕೂತಾಗಲೇ ಎಷ್ಟೋ ಸಲ ಕಾರಣವಿಲ್ಲ ಎಂಬುದು ಬರೆಯುವವರಿಗೇ ಗೊತ್ತಾಗುತ್ತದೆ. ಕಾರಣ ಬರೆಯುವ ಕೆಲಸವನ್ನು ಗುಮಾಸ್ತರ ಪಾಲಿನದೆಂದು ತಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮವರಿಗೂ ಈ ಮೇಜಿನ ಅನುಭವ ಆಗಿದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1973ರಲ್ಲಿ ಕೃಷ್ಣಭಕ್ತರಿಗೆ ಕೊಟ್ಟ ಭಕ್ತಿವೇದಾಂತ ಮ್ಯಾನರ್, ಲಂಡನ್ನಿನ ಹೊರಗೆ ಲೆಚ್‌ಮೋರ್ ಹೀತ್ ಎಂಬ ಪುಟ್ಟ ಹಳ್ಳಿಯಲ್ಲಿದೆ. ಜನ್ಮಾಷ್ಟಮಿಗೆ ಬರುವ ಸಾವಿರಾರು ಭಾರತೀಯರ ಕಾರುಗಳೆಲ್ಲ ಆ ಹಳ್ಳಿಯ ಕಿರಿದಾದ ರಸ್ತೆಯಲ್ಲೇ ಹಾಯಬೇಕಿತ್ತು. ಹರ್ಟ್ಸ್‌ಮಿಯರ್ ಕೌನ್ಸಿಲು ಸಾರ್ವಜನಿಕ ಪೂಜೆ ನಿಲ್ಲಿಸಿ ಎಂದು ನೋಟಿಸು ಕೊಟ್ಟಿತು. ವರ್ಷಗಟ್ಟಲೆ ಹೋರಾಟ ನಡೆಯಿತು, ಯುರೋಪಿನ ಮಾನವ ಹಕ್ಕುಗಳ ಆಯೋಗದ ತನಕ ಹೋಗಿ ಸೋಲೂ ಆಯಿತು. ಭಕ್ತರ ಪಾಲಿಗೆ ಅದು ದೇವರ ಪ್ರಶ್ನೆ. ಹಳ್ಳಿಯವರ ಪಾಲಿಗೆ ಗೇಟಿನೆದುರು ನಿಂತ ಕಾರಿನ ಪ್ರಶ್ನೆ. ಕೊನೆಗೆ 1996ರಲ್ಲಿ ಅನುಮತಿ ಸಿಕ್ಕಿದ್ದು ಹಳ್ಳಿಯನ್ನು ಬಿಟ್ಟು ಬೇರೆ ದಿಕ್ಕಿನಿಂದ ಮಂದಿರಕ್ಕೆ ಸ್ವಂತ ರಸ್ತೆ ಮಾಡಿಕೊಳ್ಳುವ ಯೋಜನೆಯಿಂದ. ನೆಲದ ತೊಂದರೆಗೆ ನೆಲದಲ್ಲೇ ಉತ್ತರ ಹುಡುಕಿದ ಮೇಲೆ ಭಕ್ತರಿಗೂ ಹಳ್ಳಿಯವರಿಗೂ ದಾರಿಯಾಯಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣಗೊಂಡ ಅದು ಲ್ಯಾಂಬೆತ್ ಕೌನ್ಸಿಲಿನ ವ್ಯಾಪ್ತಿಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿದೆ. ಅದರ ಹಿಂದೆ ನಿಂತು ದುಡಿದವರು ಕಲಬುರಗಿ ಮೂಲದ, ಲ್ಯಾಂಬೆತ್ತಿನ ಮೇಯರ್ ಆಗಿದ್ದ ನೀರಜ್ ಪಾಟೀಲರು. ಮೇಯರ್ ಆಗಿದ್ದವರು ಮುಂದೆ ನಿಂತರೂ ಪ್ರತಿಮೆಗೆ ಪ್ಲಾನಿಂಗ್ ಅನುಮತಿ ಬೇಕೇ ಬೇಕು. ಲಂಡನ್ನಿನ ಸಾರ್ವಜನಿಕ ಸ್ಥಳದ ಪ್ರತಿಮೆ ಎಂಬ ಕಾರಣಕ್ಕೆ 1854ರ ಕಾಯಿದೆಯಂತೆ ಸರ್ಕಾರದ ಒಪ್ಪಿಗೆಯೂ ಬೇಕಾಗಿತ್ತು.

ಈ ಸಮಿತಿಗಳ ಮೇಲೆ ಈಗ ಒತ್ತಡ ಹೆಚ್ಚಿದೆ. ಇಂಗ್ಲೆಂಡಿನಲ್ಲಿ ಮನೆಗಳ ಕೊರತೆ ತೀವ್ರವಾಗಿದೆ, ಬಾಡಿಗೆ ಯುವಕರ ಕೈಗೆಟಕುತ್ತಿಲ್ಲ. ಸದಸ್ಯರು ಮತದಾರರಿಗೆ ಹೆದರಿ ಎಲ್ಲದಕ್ಕೂ ಅಡ್ಡಗಾಲು ಹಾಕುತ್ತಾರೆ ಎಂಬ ದೂರು ಇದೆ. ಅದರಲ್ಲಿ ನಿಜವೂ ಇದೆ. ಈಗ ಮನೆ ಇರುವವರು ಸಭೆಗೆ ಬಂದು ಮಾತಾಡುತ್ತಾರೆ. ಮುಂದೆ ಆ ಮನೆಗಳಲ್ಲಿ ಇರಬೇಕಾದವರು ಯಾರೆಂದೇ ಇನ್ನೂ ಗೊತ್ತಿಲ್ಲ, ಅವರು ಬರುವುದೆಲ್ಲಿಂದ? 2025ರ ಮಾರ್ಚಿನಲ್ಲಿ ಸರ್ಕಾರ ಸಂಸತ್ತಿನ ಮುಂದೆ ಇಟ್ಟ ಮಸೂದೆಯಲ್ಲಿ ಯಾವ ಅರ್ಜಿ ಅಧಿಕಾರಿಗಳಿಗೆ, ಯಾವುದು ಸಮಿತಿಗೆ ಎಂದು ದೇಶಕ್ಕೆಲ್ಲ ಒಂದೇ ನಿಯಮ ಮಾಡುವ, ಸಮಿತಿಗಳ ಗಾತ್ರ ಮಿತಿಗೊಳಿಸುವ, ಸದಸ್ಯರಿಗೆ ತರಬೇತಿ ಕಡ್ಡಾಯ ಮಾಡುವ ಅಂಶಗಳಿದ್ದವು. ತರಬೇತಿಯನ್ನು ನಾನು ಪೂರ್ತಿ ಮನಸ್ಸಿನಿಂದ ಸ್ವಾಗತಿಸುತ್ತೇನೆ. ಸಣ್ಣಪುಟ್ಟ ಅರ್ಜಿ ಅಧಿಕಾರಿಗಳಿಗೆ ಹೋಗಲಿ, ತೊಂದರೆಯಿಲ್ಲ. ಒಂದು ಊರಿನ ರೂಪವನ್ನೇ ಬದಲಿಸುವಂಥ ಅರ್ಜಿಗಳನ್ನು ಮಾತ್ರ ಆ ತೆರೆದ ಸಭಾಂಗಣದಿಂದ ಹೊರಗೆ ಒಯ್ಯಬಾರದು.

ನಮ್ಮಲ್ಲಿ? ನಮಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆ. ಮಾಸ್ಟರ್ ಪ್ಲಾನಿನಲ್ಲಿ ಗೊತ್ತುಮಾಡಿದ ಬಳಕೆಯನ್ನು ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ಅದು ಹೇಳುತ್ತದೆ. ಹಳ್ಳಿಗಳಲ್ಲಿ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಅದಿದೆ. ಆದರೆ ನಕ್ಷೆ ಮಂಜೂರಾತಿ ಎಂದರೆ ನಮ್ಮ ಜನಕ್ಕೆ ಕಚೇರಿಯ ಮೆಟ್ಟಿಲು, ಮಧ್ಯವರ್ತಿ, ಸೆಟ್‌ಬ್ಯಾಕಿನ ಅಡಿ ಇಂಚು ಇಷ್ಟೇ ನೆನಪಾಗುತ್ತವೆ. ಪಕ್ಕದ ಸೈಟಿನಲ್ಲಿ ಐದಂತಸ್ತು ಏಳುತ್ತಿದೆ ಎಂದು ನಮಗೆ ತಿಳಿಯುವುದು ಪಾಯ ತೋಡಲು ಜೆಸಿಬಿ ಬಂದಾಗ.

ಹಾಗೆಂದು ನಮ್ಮಲ್ಲಿ ದಾರಿಯೇ ಇಲ್ಲವೆಂದಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು, ಮುಖ್ಯಮಂತ್ರಿಯವರ ನಿರ್ದೇಶನದಂತೆ, ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಇದನ್ನು ಕೇಳಲು ನಿಮಗೇನು ಹಕ್ಕು ಎಂಬ ವಾದ ಎದುರಾಯಿತು. 1991ರಲ್ಲಿ ಸುಪ್ರೀಂ ಕೋರ್ಟು, ಉದ್ಯಾನ ಅಲ್ಲಿ ವಾಸಿಸುವವರಿಗಾಗಿ ಇರುವಂಥದ್ದು, ಅದನ್ನು ಕಾಪಾಡಿ ಎಂದು ಕೇಳುವ ಹಕ್ಕು ಅವರಿಗೆ ಖಂಡಿತ ಇದೆ ಎಂದಿತು. ಯೋಜನೆ ಬದಲಿಸುವುದು ಕಾಯಿದೆ ಹೇಳಿದ ರೀತಿಯಲ್ಲಿ, ಅದರ ಹೊಣೆ ಹೊತ್ತ ಪ್ರಾಧಿಕಾರವೇ ವಿಚಾರ ಮಾಡಿ ಆಗಬೇಕು, ಮೇಲಿನವರು ಹೇಳಿದರೆಂದು ಆಗಬಾರದು ಎಂದು ಹೇಳಿ ಆ ಹಂಚಿಕೆಯನ್ನು ರದ್ದುಗೊಳಿಸಿದ್ದನ್ನು ಎತ್ತಿಹಿಡಿಯಿತು. ಡೋವರಿನ ತೀರ್ಪಿಗೆ 26 ವರ್ಷ ಮೊದಲಿನ ಮಾತು ಇದು.

ಇನ್ನೊಂದು ಸೌಲಭ್ಯ ನಮಗೆ 2005ರಿಂದ ಇದೆ, ಅದನ್ನು ಬಳಸುವವರು ಕಡಿಮೆ. ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣವು, ಆಡಳಿತದ ಯಾವುದೇ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸಬೇಕೆಂದು ಸಾರ್ವಜನಿಕ ಪ್ರಾಧಿಕಾರಗಳಿಗೆ ವಿಧಿಸುತ್ತದೆ. ನಿಮ್ಮ ಮನೆಯ ಪಕ್ಕದಲ್ಲಿ, ನಿಮ್ಮ ಊರ ಕೆರೆಯ ಅಂಚಿನಲ್ಲಿ ಕಟ್ಟಡವೊಂದು ಏಳುತ್ತಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡಿ. ಮಂಜೂರಾದ ನಕ್ಷೆಯ ಪ್ರತಿ ಕೇಳಿ, ಸ್ಥಳ ಪರಿಶೀಲನೆಯ ವರದಿ ಕೇಳಿ, ಆ ವಿಷಯ ಸಭೆಗೆ ಬಂದಿದ್ದರೆ ಅಂದಿನ ನಡಾವಳಿ ಕೇಳಿ, ಯಾವ ಕಾರಣಕ್ಕೆ ಒಪ್ಪಿದಿರಿ ಎಂದೂ ಬರೆದು ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.